ಐನೂರು ಸಿಸಿ ಹಸಿವು

ಚಳಿಗಾಲ ಬಂತೆಂದರೆ ಸೂರ್ಯ ತೇರದಾಳದಲ್ಲಿ ಸಂಜೆ ಆರಕ್ಕೇ ಅಂಗಡಿ ಮುಚ್ಚಿಬಿಡುತ್ತಾನೆ. ಅನಂತಪ್ಪ ಕೆಲಸ ಮಾಡುವ ಪತ್ತಿನ ಸಂಘದ ಕಚೇರಿ ಮುಚ್ಚುವುದು ಐದಕ್ಕೆ, ಅದೂ ನಲವತ್ತು ಕಿಲೋಮೀಟರ್ ಆಚೆ ಮುಧೋಳದಲ್ಲಿ. ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ ಅವನು ಮನೆ ಸೇರುವ ಹೊತ್ತಿಗೆ ಬೀದಿದೀಪಗಳು ಹತ್ತಿರುತ್ತವೆ. ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರ ಬಾಯಿಗೂ ತುತ್ತು ಹೋಗುವುದಿಲ್ಲ.

ಇದಕ್ಕೆ ಹೆಂಡತಿ ರಾಜಮತಿ ಎಂದೋ ದಾರಿ ಹುಡುಕಿದ್ದಳು. ಗಂಡನ ಚೀಲದಲ್ಲಿ ಎರಡು ಡಬ್ಬಿ, ಒಂದು ಮಧ್ಯಾಹ್ನಕ್ಕೆ, ಒಂದು ಸಂಜೆ ನಾಲ್ಕೂವರೆಗೆ. ಇಪ್ಪತ್ತು ವರ್ಷ ಎರಡೂ ಡಬ್ಬಿ ಖಾಲಿಯಾಗಿ ಮನೆಗೆ ಬಂದಿದ್ದವು. ಅನಂತಪ್ಪನ ಹೊಟ್ಟೆಯೂ ಯಾರ ತಕರಾರಿಲ್ಲದೆ ಮುಂದೆ ಬಂದಿತ್ತು. ಈ ದೀಪಾವಳಿ ಕಳೆದ ಮೇಲೆ ಮಾತ್ರ ಸಂಜೆಯ ತಣ್ಣನೆ ರೊಟ್ಟಿ ಅವನ ಗಂಟಲಲ್ಲಿ ಇಳಿಯದಾಯಿತು. ಖರೇ ಕಾರಣ ಇದ್ದದ್ದು ಮೊಬೈಲಿನಲ್ಲಿ.

ಯಾರೋ ಗಡ್ಡದವನೊಬ್ಬ ದೊಡ್ಡ ಬೈಕಿನ ಮೇಲೆ ಘಟ್ಟ ಇಳಿದು ಸಮುದ್ರದ ದಂಡೆಗೆ ಹೋಗಿ ನಿಲ್ಲುವ ವಿಡಿಯೋ ನೋಡಿದ್ದ ಅನಂತಪ್ಪ. ನಲವತ್ತೇಳನೆಯ ವಯಸ್ಸಿನಲ್ಲಿ ಅವನಿಗೆ ಬೈಕಿನ ಹುಚ್ಚು ಹಿಡಿಯಿತು. ಒಂದೂವರೆ ತಿಂಗಳು ಹೆಣ್ಣು ನೋಡಿದಂತೆ ಬೈಕು ನೋಡಿದ. ಒಂದು ಬಹಳ ಎತ್ತರ, ಹತ್ತಲು ಏಣಿ ಬೇಕು. ಇನ್ನೊಂದು ರೇಸಿನದು, ಅದರ ಮೇಲೆ ಕೂತವನು ನೆಲದಲ್ಲಿ ಸೂಜಿ ಹುಡುಕುವವನಂತೆ ಬಗ್ಗಬೇಕು. ಕೊನೆಗೆ ಮನಸ್ಸಿಗೆ ಬಂದದ್ದು ನಡುವಿನದು. ಐನೂರು ಸಿಸಿ, ಎರಡು ಸಿಲಿಂಡರ್, ಗಾಳಿ ತಡೆಯಲು ಮುಂದೆ ಗಾಜು, ಬೆನ್ನು ನೆಟ್ಟಗಿಟ್ಟು ಕೂರುವ ಸೀಟು. ದಿನಾ ಕಚೇರಿಗೂ ಆಯಿತು, ರಜೆಯಲ್ಲಿ ದೂರದ ಊರಿಗೂ ಆಯಿತು.

ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ಹಣ ಬಂದಿತ್ತು. ಆದರೆ ಕಬ್ಬು ಬೆಳೆದ ಹೊಲ ರಾಜಮತಿಯದು, ಸಹಿಯೂ ಅವಳದೇ. ಘಟ್ಟ, ಸಮುದ್ರ ಎಂದರೆ ಅವಳು ಸಹಿ ಹಾಕುವವಳಲ್ಲ. ಅದಕ್ಕೇ ಅನಂತಪ್ಪ ಹಸಿವನ್ನು ಮುಂದೆ ಮಾಡಿದ. ತಣ್ಣನೆ ರೊಟ್ಟಿ ಇಳಿಯುವುದಿಲ್ಲ, ಗಾಡಿಯಿದ್ದರೆ ಹೊತ್ತು ಮುಳುಗುವುದರೊಳಗೆ ಮನೆಗೇ ಬಂದು ಉಣ್ಣಬಹುದು ಎಂದು ದಿನಾ ಹೇಳಿದ. ಕಚೇರಿಯ ಪಕ್ಕದಲ್ಲಿ ಉಳ್ಳಾಗಡ್ಡಿ ಹಾಕಿಸದ ಚುರಮುರಿ ಗಿರಮಿಟ್ಟು ತಿಂದು, ಸಂಜೆಯ ಡಬ್ಬಿಯನ್ನು ತುಂಬಿದ್ದು ತುಂಬಿದ ಹಾಗೆ ಮನೆಗೆ ತರತೊಡಗಿದ. ಕಚೇರಿಯಲ್ಲೂ ಹೊಟ್ಟೆ ಹಿಡಿದುಕೊಂಡು ಓಡಾಡಿದ. ಸುಳ್ಳು ಹೇಳುವವನಿಗೆ ಇರಬೇಕಾದ ಶಿಸ್ತು ಅವನಿಗೆ ಚೆನ್ನಾಗಿತ್ತು.

ಬೆಳಗಾವಿಯ ಶೋರೂಮಿನವರು ಆ ಬೈಕನ್ನು ಒಂದು ದಿನದ ಮಟ್ಟಿಗೆ ಮುಧೋಳಕ್ಕೆ ಟೆಸ್ಟ್ ರೈಡಿಗೆ ತರಲಿದ್ದ ದಿನ, ಬೆಳಿಗ್ಗೆ ಡಬ್ಬಿ ಕಟ್ಟುವಾಗ ರಾಜಮತಿ ಕೇಳಿದಳು.

"ಗಾಡಿ ಇದ್ರ ಖರೇನ ಹೊತ್ತು ಮುಳುಗೂದ್ರಾಗ ಮನಿಗೆ ಬರ್ತೀರಿ?"

"ಬಂದು, ಕಾಲು ತೊಳಕೊಂಡು, ಎರಡು ರೊಟ್ಟಿ ತಿಂದ್ರೂ ಇನ್ನ ಟೈಮ್ ಉಳೀತೈತಿ."

"ಹಂಗಾರ ಇವತ್ತ ಬಂದು ತೋರಸ್ರಿ. ಸಂಜಿ ಡಬ್ಬಿ ಕಟ್ಟೂದಿಲ್ಲ. ಸೂರ್ಯ ಮುಳುಗೂದ್ರಾಗ ತಾಟಿನ ಮುಂದ ಬಂದು ಕುಂತ್ರ ಗಾಡಿ ತಗೋರಿ, ನಾನ ಸಹಿ ಮಾಡ್ತೀನಿ. ಕುಂದ್ರಲಿಲ್ಲಂದ್ರ ಈ ಮನ್ಯಾಗ ಆ ಗಾಡಿ ಸುದ್ದಿ ಬಂದ್!"

ಮಗಳು ಮಾನಸಿ ಮೊಬೈಲ್ ನೋಡಿ, "ಇವತ್ತ ಸೂರ್ಯಾಸ್ತ ಆರು ಗಂಟಿ ಎರಡು ನಿಮಿಷಕ್ಕ ಐತ್ರಿ ಪಪ್ಪಾ," ಎಂದಳು. ಅಲ್ಲಿಗೆ ಪಂಥ ಪಕ್ಕಾ ಆಯಿತು.

ಸಂಜೆ ಐದಕ್ಕೆ ಐದು ನಿಮಿಷವಿದ್ದಾಗ ಅನಂತಪ್ಪ ಚೀಲ ಹೆಗಲಿಗೇರಿಸಿದ. ಅಂದು ಗಿರಮಿಟ್ಟಿಗೂ ಹೋಗಿರಲಿಲ್ಲ. ಬಾಗಿಲಲ್ಲಿ ಮ್ಯಾನೇಜರ್ ಅಣ್ಣಾಸಾಹೇಬರು ಅಡ್ಡ ನಿಂತರು. ಅವರಿಗೆ ಸಕ್ಕರೆ ಕಾಯಿಲೆ. ಎರಡು ತಾಸು ಹೊಟ್ಟೆಗಿಲ್ಲದಿದ್ದರೆ ಕೈಕಾಲು ನಡುಗುವ ಮನುಷ್ಯ. ಹಸಿವೆಂಬ ಮಾತು ಕೇಳಿದರೇ ಕಣ್ಣಲ್ಲಿ ನೀರು ಬರುತ್ತಿತ್ತು.

"ಅನಂತಪ್ಪ, ಪ್ರಭುಲಿಂಗ ಹೇಳಿದಾ. ರಾತ್ರಿ ಹಸಕೊಂಡ ಮಲಗ್ತೀರಂತಲ್ರಿ?"

ಇಲ್ಲಿ ಸುಮ್ಮನೆ 'ಹೌದ್ರಿ' ಎಂದು ಹೊರಟಿದ್ದರೆ ಸಾಕಿತ್ತು. ಅಭ್ಯಾಸ ಬಿಡಲಿಲ್ಲ.

"ಏನ ಮಾಡೂದ್ರಿ ಸಾಹೇಬ್ರ. ಹೊಟ್ಟಿಗೆ ತಣ್ಣೀರ ಅರಿವಿ ಬಿಗದು ಮಲಗ್ತೀನ್ರಿ."

ಅಣ್ಣಾಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ತಮ್ಮ ಮಧುಮೇಹದ ಕತೆಯನ್ನು ಮೊದಲಿನಿಂದ ಹೇಳಿದರು. ಅನಂತಪ್ಪ ಹೊರಬಿದ್ದಾಗ ಐದೂ ಹತ್ತು.

ರಸ್ತೆಯಲ್ಲಿ ಕೆಂಪು ಬೈಕು ನಿಂತಿತ್ತು. ಅದರ ಮೇಲೆ ಸಹೋದ್ಯೋಗಿ ಪ್ರಭುಲಿಂಗ ಕೂತು ನಾಲ್ಕು ದಿಕ್ಕಿಗೆ ಮುಖ ಮಾಡಿ ಫೋಟೋ ತೆಗೆಸಿಕೊಳ್ಳುತ್ತಿದ್ದ.

"ಇಳಿಯೋ ಮಾರಾಯಾ, ಹೊತ್ತು ಮುಳಗತೈತಿ!"

"ಅನಂತಣ್ಣಾ, ಎಷ್ಟ ಕೊಡತೈತಿದು ಲೀಟರಿಗೆ?"

"ಎಷ್ಟರ ಕೊಡ್ಲಿ ಬಿಡು. ನೀ ಮೊದಲ ಜಾಗಾ ಕೊಡು!"

ಶೋರೂಮಿನ ಹುಡುಗ ಧೀರೇಂದ್ರ, ಟೈ ಕಟ್ಟಿಕೊಂಡ ತೆಳ್ಳನೆಯ ಬೆಳಗಾವಿಯವನು, ವಿನಯದಿಂದ ಹೇಳಿದ, "ಸರ್, ಟೆಸ್ಟ್ ರೈಡ್ ಬರೇ ಐದು ಕಿಲೋಮೀಟರ್ ರೀ. ನಾನೂ ಹಿಂದ ಕುಂದ್ರಬೇಕಾಗ್ತದ."

"ಕುಂದ್ರು ತಮ್ಮಾ. ನಮ್ಮ ಮನ್ಯಾಗ ಇವತ್ತ ಗೋದಿ ಹುಗ್ಗಿ ಮಾಡ್ಯಾರ."

ಮುಂಜಾನೆಯಿಂದ ಬರೀ ಚಹಾದ ಮೇಲಿದ್ದ ಧೀರೇಂದ್ರ ಕಂಪನಿಯ ನಿಯಮವನ್ನು ಅಲ್ಲಿಯೇ ಬಿಟ್ಟು ಹತ್ತಿ ಕೂತ. ಶೋರೂಮಿನ ಹೆಲ್ಮೆಟ್ಟು ಅನಂತಪ್ಪನ ತಲೆಗೆ ಒಂದು ಅಳತೆ ಸಣ್ಣದು. ಪ್ರಭುಲಿಂಗ ಮೇಲಿಂದ ಎರಡು ಗುದ್ದು ಕೊಟ್ಟು ಕೂರಿಸಿದ.

ಊರು ದಾಟುತ್ತಲೇ ಒಂದು ಬೇಟೆನಾಯಿ ಹೊಲದಿಂದ ರಸ್ತೆಗೆ ಹಾರಿತು. ಸಣ್ಣ ನಡು, ಉದ್ದ ಕಾಲು. ಬೈಕಿನ ಪಕ್ಕದಲ್ಲೇ ಓಡುತ್ತ, ಮದುವೆ ಮನೆಯಲ್ಲಿ ಸಿಕ್ಕ ನೆಂಟನಂತೆ ಅನಂತಪ್ಪನ ಮುಖವನ್ನೇ ನೋಡತೊಡಗಿತು. ಹೊಲದಿಂದ ಅದರ ಯಜಮಾನ ಕೂಗಿದ.

"ಸಾವಕಾಶ ಹೋಗ್ರೀ! ಸೋತ್ರ ಅದಕ್ಕ ಸಿಟ್ಟ ಬರತೈತಿ!"

ಅಷ್ಟರಲ್ಲಿ ಮುಂದೆ ಅದೇ ದಿಕ್ಕಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಅದರ ಮುಂದೆ ಅಂಥವೇ ಇನ್ನೂ ಮೂರು. ಡ್ರೈವರುಗಳು ಹಾಡು ಹಚ್ಚಿಕೊಂಡು ಲೋಕವನ್ನೇ ಮರೆತಿದ್ದರು. ಐನೂರು ಸಿಸಿಯ ಬೈಕು ಎತ್ತಿನ ಬಂಡಿಯ ಹಾಗೆ ತೆವಳಿತು. ನಾಯಿ ಮಾತ್ರ ಬದಿಯಿಂದ ನುಸುಳಿ ಮುಂದೆ ಹೋಗಿ, ಮೈಲಿಗಲ್ಲಿನ ಹತ್ತಿರ ಕೂತು ಇವರು ಬರುವುದನ್ನು ಕಾಯಿತು.

ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಐದೂ ಮೂವತ್ತೆರಡು. ಅಲ್ಲಿ ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತವರು ಅನಂತಪ್ಪನ ಪಕ್ಕದ ಮನೆಯ ಬಸಗೊಂಡಪ್ಪ. ಕಾಲ ಬಳಿ ಹತ್ತು ಕಿಲೋದ ಬೆಲ್ಲದ ಪೆಂಟಿ, ಒಂದೇ ಗಟ್ಟಿ ಮುದ್ದೆ.

"ಯಾರ ಗಾಡಿಲೇ ಇದು ಅನಂತ್ಯಾ? ಕ್ಯಾರಿಯರ್ ಎಲ್ಲೈತಿ?"

"ಇದಕ್ಕ ಇರೂದಿಲ್ಲ ಕಾಕಾ. ದಾರಿ ಬಿಡ್ರಿ, ಅರ್ಜೆಂಟ್ ಐತಿ."

"ಕ್ಯಾರಿಯರ್ ಇಲ್ಲದ್ದು ಎಂಥಾ ಗಾಡಿಲೇ! ಇರ್ಲಿ, ಈ ಹುಡುಗನ ತೊಡಿ ಅದಾವಲ್ಲ. ನಾ ಬಸ್ಸಿಗೆ ಬರ್ತೀನಿ, ಬೆಲ್ಲ ನೀ ಒಯ್ಯಿ."

ಹಿರಿಯರ ಜೊತೆ ವಾದಕ್ಕಿಳಿದರೆ ಸೂರ್ಯನಷ್ಟೇ ಅಲ್ಲ, ಚಂದ್ರನೂ ಮುಳುಗುತ್ತಾನೆ. ಪೆಂಟಿ ಧೀರೇಂದ್ರನ ತೊಡೆಯೇರಿತು. ಐದೂ ಮೂವತ್ತೇಳು.

ಅಲ್ಲಿಂದ ಮುಂದೆ ರಸ್ತೆ ಖಾಲಿ. ಅನಂತಪ್ಪ ಗೇರ್ ಏರಿಸಿದ. ಬೈಕು ಸಣ್ಣಗೆ ಗುನುಗಿ, ಹಸಿದ ಎಮ್ಮೆ ಕೊಟ್ಟಿಗೆಯತ್ತ ಓಡುವಂತೆ ನುಗ್ಗಿತು. ಎರಡೂ ಬದಿ ಕಬ್ಬಿನ ಸುಳಿಗಳ ಮೇಲೆ ಸಂಜೆಯ ಬಿಸಿಲು. ಎದೆಗೆ ಗಾಳಿ ತಾಗದು, ಬೆನ್ನು ನೋಯದು. ಇಪ್ಪತ್ತು ವರ್ಷ ಬಸ್ಸಿನ ಕಿಟಕಿಯಲ್ಲಿ ನೋಡಿದ ಅದೇ ರಸ್ತೆ ಇದು ಎಂದು ಅವನಿಗೆ ನಂಬಿಕೆಯೇ ಬರಲಿಲ್ಲ. ಹೆಲ್ಮೆಟ್ಟಿನೊಳಗೆ ಒಬ್ಬನೇ ನಕ್ಕ. ಹಿಂದಿನಿಂದ ಧೀರೇಂದ್ರ, "ಸರ್, ಹಂಪ್!" ಎಂದದ್ದು ಆ ನಗೆಯಲ್ಲಿ ಕೇಳಿಸಲಿಲ್ಲ.

ಬನಹಟ್ಟಿಯ ಆ ಹಂಪಿನಲ್ಲಿ ಬೈಕು, ಅನಂತಪ್ಪ, ಧೀರೇಂದ್ರ, ಬೆಲ್ಲ ನಾಲ್ಕೂ ಬೇರೆ ಬೇರೆಯಾಗಿ ಮೇಲೆದ್ದು ಒಟ್ಟಿಗೆ ಕೆಳಗಿಳಿದವು. ಪೆಂಟಿ ಒಡೆದು ಎರಡಾಯಿತು. ಧೀರೇಂದ್ರ ಎರಡೂ ತುಂಡನ್ನು ಅವಳಿ ಕೂಸುಗಳಂತೆ ಎದೆಗವಚಿಕೊಂಡ. ಟೈಗೆ ಬೆಲ್ಲ, ಬೆಲ್ಲಕ್ಕೆ ಟೈ.

ತೇರದಾಳದ ಓಣಿ ಸೇರಿದಾಗ ಐದೂ ಐವತ್ತೇಳು. ಸುದ್ದಿ ಮೊದಲೇ ಹಬ್ಬಿತ್ತು. ಓಣಿಯ ಜನವೆಲ್ಲ ಅವನ ಕಟ್ಟೆಯ ಮುಂದೆ. ಮಾಳಿಗೆಯ ಮೇಲೆ ಮಾನಸಿ ಪಡುವಣಕ್ಕೆ ಮುಖ ಮಾಡಿ ನಿಂತಿದ್ದಳು.

"ಇನ್ನ ಪೂರ್ತಿ ಕಾಣತೈತ್ರಿ ಪಪ್ಪಾ! ಓಡಿ ಬರ್ರಿ!"

ಅನಂತಪ್ಪ ಓಡಿದ. ಒಳಗೆ ಎರಡು ತಾಟು ಬಡಿಸಿಟ್ಟಿತ್ತು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ತುಪ್ಪ ಬಿಟ್ಟ ಗೋದಿ ಹುಗ್ಗಿ. ಪಟ್ಟನೆ ಕೂತ. ಕೂತ ಮೇಲೆ ತಿಳಿಯಿತು, ಹೆಲ್ಮೆಟ್ಟು ತಲೆಯ ಮೇಲೆಯೇ ಇದೆ. ಎಳೆದರೆ ಬರಲೊಲ್ಲದು.

"ಹೆಲ್ಮೆಟ್ ಹಾಕ್ಕೊಂಡ ಕುಂತ್ರೂ ಕುಂತಂಗ!" ಎಂದು ಬಾಗಿಲಲ್ಲಿದ್ದ ಜನ ತೀರ್ಪು ಕೊಟ್ಟರು.

ರಾಜಮತಿ ತಲೆ ಬಾಗಿಸಿದಳು. "ಆತು. ಮಾತಂದ್ರ ಮಾತು. ಗಾಡಿ ತಗೋರಿ."

ಓಣಿಯೇ ಚಪ್ಪಾಳೆ ತಟ್ಟಿತು. ಅವಳೇ ಗಂಡನ ಭುಜಕ್ಕೆ ಮೊಣಕಾಲು ಕೊಟ್ಟು, ಹಲಸಿನ ಕಾಯಿ ಕೀಳುವಂತೆ ತಿರುವಿ ಹೆಲ್ಮೆಟ್ಟು ಕಿತ್ತಳು. ಕಿವಿ ಎರಡೂ ಜಾಗದಲ್ಲಿಯೇ ಉಳಿದದ್ದು ಪುಣ್ಯ. ಧೀರೇಂದ್ರ ಯಾರ ಕರೆಗೂ ಕಾಯದೆ ಇನ್ನೊಂದು ತಾಟಿಗೆ ಕೂತು ಕೈ ಹಚ್ಚಿದ್ದ.

ಅನಂತಪ್ಪ ರೊಟ್ಟಿ ಮುರಿದ. ಪಲ್ಯ ಹಚ್ಚಿದ. ತುತ್ತು ಬಾಯಿಯ ಹತ್ತಿರ ಬಂದಾಗ ಫೋನು ಹೊಡೆದುಕೊಂಡಿತು. ಮ್ಯಾನೇಜರ್ ಸಾಹೇಬರು! ಕೈ ಎಂಜಲೆಂದು ರಾಜಮತಿಯೇ ಸ್ಪೀಕರ್ ಒತ್ತಿ ಹಿಡಿದಳು.

"ಅನಂತಪ್ಪ, ನೀವು ಹೋದಮ್ಯಾಲ ನನಗ ಚಹಾನೂ ಇಳೀಲಿಲ್ಲ ನೋಡ್ರಿ..."

"ಸಾಹೇಬ್ರ, ಒಂದ ಐದು ನಿಮಿಷ ಬಿಟ್ಟು ನಾನ..."

"ನೀವು ಮಾತಾಡಬ್ಯಾಡ್ರಿ, ಹಸದೀರಿ. ನಾ ಹೇಳ್ತೀನಿ ಕೇಳ್ರಿ."

ಮಾಳಿಗೆಯಿಂದ ಮಾನಸಿ, "ಪಪ್ಪಾ, ಅರ್ಧಾ ಹೋತ್ರಿ!"

ಮೇಲಧಿಕಾರಿ ಮಾತಾಡುವಾಗ ಅಗಿಯುವ ಧೈರ್ಯ ಇಪ್ಪತ್ತು ವರ್ಷದ ನೌಕರಿಯಲ್ಲಿ ಅನಂತಪ್ಪನಿಗೆ ಬಂದಿರಲಿಲ್ಲ. ತುತ್ತು ಗಾಳಿಯಲ್ಲಿಯೇ ನಿಂತಿತು. ಸಾಹೇಬರು ಹಸಿದಾಗ ತಮ್ಮ ಕಣ್ಣಿಗೆ ಕತ್ತಲೆ ಬರುವ ಬಗೆ ಹೇಳಿದರು, ಡಾಕ್ಟರರು ಹೇಳಿದ್ದನ್ನು ಹೇಳಿದರು.

"ಪಪ್ಪಾ, ಉಗುರಿನಷ್ಟ ಉಳದೈತ್ರಿ!"

"ಹಿಂಗಾಗಿ ಅನಂತಪ್ಪ, ತಡೀಲಾರದ ಜಮಖಂಡಿ ಹೆಡ್ ಆಫೀಸಿಗೆ ಫೋನ್ ಹಚ್ಚಿ ಜಗಳಾ ತಗದೆ. ಸೋಮವಾರ ತೇರದಾಳದಾಗ ನಮ್ಮ ಹೊಸ ಶಾಖಾ ಚಾಲೂ ಆಗತೈತಲ್ಲ, ನಿಮ್ಮ ಓಣಿ ತುದಿಗೆ? ಅಲ್ಲಿಗೆ ನಿಮ್ಮನ್ನ ಹಾಕಿಸೇನಿ. ರಿಟೈರ್ ಆಗೂತನಾ ಅಲ್ಲೇ. ಇನ್ನ ಮ್ಯಾಲೆ ನೀವು ಒಂದ ದಿನಾನೂ ಹಸಕೊಂಡ ಮಲಗಂಗಿಲ್ಲ!"

"ಮುಳುಗಿತ್ರೀ!" ಎಂದು ಮೇಲಿನಿಂದ ಕೂಗು ಬಂತು.

ಅನಂತಪ್ಪ ತುತ್ತನ್ನು ತಾಟಿನಲ್ಲಿಟ್ಟ. ಬಾಗಿಲಲ್ಲಿ ಜನ ಮತ್ತೆ ಚಪ್ಪಾಳೆ ತಟ್ಟಿದರು. "ಎಂಥಾ ಪುಣ್ಯವಂತ ಸಾಹೇಬ!" ಎಂದರು. "ಮಧ್ಯಾಹ್ನದ ಊಟಕ್ಕೂ ಮನಿಗೇ ಬರಬಹುದು!" ಎಂದರು.

ಧೀರೇಂದ್ರ ಹುಗ್ಗಿಯ ಕೊನೆಯ ಬೆರಳು ನೆಕ್ಕಿ, ಕೈ ತೊಳೆದು ಬಂದು, ಬೆಲ್ಲ ಅಂಟಿದ ಜೇಬಿನಿಂದ ಕಾಗದ ಬಿಡಿಸಿದ. "ಸರ್, ಬುಕಿಂಗ್ ಫಾರ್ಮ್ ರೀ."

"ಕೊಡು ತಮ್ಮಾ," ಎಂದು ರಾಜಮತಿ ಪೆನ್ನು ಹಿಡಿದಳು. "ಮಾತು ಕೊಟ್ಟೇನಿ, ಸಹಿ ಮಾಡ್ತೀನಿ." ಗಂಡನ ಕಡೆ ತಿರುಗಿದಳು. "ಆದ್ರ ಇನ್ನ ಗಾಡಿ ಯಾತಕ್ಕ ಬೇಕ್ರಿ? ಅದೊಂದು ಹೇಳಿಬಿಡ್ರಿ."

ಓಣಿಯೆಲ್ಲ ಅವನ ಬಾಯಿಯನ್ನೇ ನೋಡಿತು. ಅನಂತಪ್ಪನ ಬಾಯಿ ತೆರೆಯಿತು. ಘಟ್ಟ ನಾಲಿಗೆಯ ತುದಿಗೆ ಬಂತು, ಸಮುದ್ರ ಹಲ್ಲಿನ ತನಕ ಬಂತು. ಇಷ್ಟು ದಿನದ ಸುಳ್ಳು ಹಸಿವು ಎರಡನ್ನೂ ಒಳಗೆ ತಳ್ಳಿತು. ಅನಂತಪ್ಪ ತಾಟು ಸರಿಸಿ ಕೈ ತೊಳೆಯಲು ಎದ್ದ.

ಧೀರೇಂದ್ರ ಸಹಿ ಬೀಳದ ಫಾರ್ಮು ಮಡಚಿ, ಅಡಿಗೆ ಬಹಳ ರುಚಿಯಾಗಿತ್ತೆಂದು ಹೇಳಿ, ಬೈಕು ಹೊರಳಿಸಿಕೊಂಡು ಹೋದ. ಅದರ ಗುನುಗು ಓಣಿಯ ತುದಿಯಲ್ಲಿ ಕರಗುವ ತನಕ ಅನಂತಪ್ಪ ಕಟ್ಟೆಯ ಮೇಲೆ ನಿಂತಿದ್ದ. ಹೊಟ್ಟೆ ಖರೇನೇ ಚುರುಗುಟ್ಟುತ್ತಿತ್ತು. ಆದರೂ ಮಹಾಲಿಂಗಪುರ ದಾಟಿದ ಮೇಲಿನ ಆ ರಸ್ತೆ ನೆನಪಾಗಿ ತುಟಿ ತಾನಾಗಿ ಅರಳಿತು.

ತಾಟು ಎತ್ತಿಕೊಂಡು ಒಳಗೆ ಹೊರಟ ರಾಜಮತಿ ಬಾಗಿಲಲ್ಲಿ ನಿಂತಳು.

"ಸೋಮವಾರ ಐದಕ್ಕ ಆಫೀಸ್ ಬಿಟ್ಟಮ್ಯಾಲ ಅವಸರಾ ಮಾಡಬ್ಯಾಡ್ರಿ. ಸಾವಕಾಶ ನಡಕೋತ ಬರ್ರಿ."