ಭೀಮಾ ಮಡುವಿನ ಮೊಸಳಿ ಮತ್ತು ನಾನು

ಹೊಳಿ ದಂಡಿಗಿ ಕುಂತವರಿಗಿ ಏನರೆ ಒಂದು ಆಗತಾನೇ ಇರತದ. ನನಗಂತೂ ಸ್ವಲ್ಪ ಹೆಚ್ಚೇ ಆಗತದ. ಅಫಜಲಪುರ ಸೀಮಿಯಾಗ, ಭೀಮಾ ಹೊಳಿ ಮಡುವಿನಾಗ, ವಯಸ್ಸಿನಾಗಿದ್ದಾಗ ಒಂದು ಮೊಸಳಿನ ಬಾಲ ಹಿಡಿದು ದಂಡಿಗಿ ಎಳದು ತಂದಾಂವ ನಾನು. ಸುಳ್ಳಂದ್ರ ನೋಡಿದವರನ್ನ ಕೇಳ್ರಿ. ಏನ್ ಮಾಡೂದು, ನೋಡಿದವರು ಈಗ ಒಬ್ಬರೂ ಉಳದಿಲ್ಲ. ಮೊಸಳಿನೂ ಉಳದಿಲ್ಲ.

೧. ಬಡಗಿ ಕೈಗಿ ಬಂತು

ಬ್ಯಾಸಗ್ಯಾಗ ಹೊಳಿ ಬತ್ತಿದ್ರ ಇದ್ದಬಿದ್ದ ಮೀನೆಲ್ಲ ಆ ಒಂದೇ ಮಡುವಿಗಿ ಬಂದು ಸೇರತಾವ. ಆಗ ಬಲಿ ಬೀಸಿದ್ರ ಮಳಿಗಾಲಕ್ಕ ಮರಿ ಮಾಡಾಕ ಒಂದೂ ಉಳಿಯಂಗಿಲ್ಲ. ಆಮ್ಯಾಲ ಹೊಳಿ ಅಂದ್ರ ಬರೇ ನೀರು. ಅದಕ್ಕ ಊರವರು ಕೂಡಿ, ಹೊಸ ನೀರು ಬರೋತನಕ ಮಡುವಿಗಿ ಬಲಿ ಹಾಕಬಾರದು ಅಂತ ಕಟ್ಟು ಮಾಡಿದ್ರು. "ಕಾಯಾಕ ಮೊಸಳಿ ಎಳದಾವನೇ ಇರಲಿ" ಅಂತ ಕಾವಲು ಕೋಲು, ಅದೇ ಬಡಗಿ, ನನ್ನ ಕೈಗಿ ಕೊಟ್ರು.

ಎದಿ ಉಬ್ಬಿಸಿಕೊಂಡು ಮನಿಗಿ ಬಂದು ಹೇಳಿದೆ. ಹೆಂಡತಿ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ.

"ಮೊಸಳಿ ಎಳದಾವಗ ಮನಿ ಎಮ್ಮಿ ಎಳಕೊಂಡು ಬರಾಕ ಆಗವಲ್ದು. ಮುಂಜಾನಿಂದ ಮಂದಿ ಹೊಲದಾಗ ಮೇಯಾಕತ್ತದ, ಹೋಗು."

೨. ಧ್ಯಾನದ ಹಕ್ಕಿ

ಮಡುವಿನ ಮ್ಯಾಲ ಬೂಬುನ ಚಾ ಅಂಗಡಿ ಅದ. ನಾ ಅಲ್ಲೇ ಕುಂತು ಎಲಿಅಡಕಿ ಅಗೀತ ಕಾಯೋದು. "ಚಾಚಾ, ಮೀನ ಕಾಯ್ರಿ, ಆದ್ರ ನನ್ನ ಗ್ವಾಡಿ ಕೆಂಪು ಮಾಡಬ್ಯಾಡ್ರಿ" ಅಂತ ಆಕಿ ದಿನಾ ಬೈಯಾಕಿ.

ಒಂದಿನ ಕಡಗಂಚಿ ಕಡಿಂದ ಓದೋ ಹುಡುಗ್ಯಾರು ಹಕ್ಕಿ ನೋಡಾಕ ಬಂದ್ರು, ಕೊಳ್ಳಾಗ ದುರ್ಬೀನು. ನನಗ ಗೊತ್ತಿಲ್ಲದ ಹಕ್ಕಿ ಈ ಹೊಳಿಯಾಗ ಇಲ್ಲ ಅಂದೆ.

"ಆ ಜಾಲಿ ಕಂಟಿಯಾಗ ಬೆಳ್ಳಗ ಕುಂತದಲ್ಲ, ಅದು ಪರದೇಶದ್ದು. ಮುಂಜಾನಿಂದ ಅಲ್ಲಾಡಿಲ್ಲ ನೋಡ್ರಿ. ಸ್ವಾಮಿಗೋಳಿಗೂ ಇಂಥ ಧ್ಯಾನ ಬರಂಗಿಲ್ಲ."

ಒಬ್ಬಾಕಿ ದುರ್ಬೀನು ಹಚ್ಚಿ ನೋಡಿದಳು. "ಮುತ್ಯಾ, ಅದು ಸಿಮೆಂಟ್ ಚೀಲ."

"ಅದಕ್ಕೇ ಅಂದೆನಲ್ಲವಾ, ಅಲ್ಲಾಡಂಗಿಲ್ಲ ಅಂತ!"

೩. ಕೆಸರಿನಾಗಿನ ಹೆಜ್ಜಿ

ಹೊಳಿ ಪೂರಾ ಇಳದಾಗ ಜೇವರ್ಗಿ ಕಡಿಂದ ಒಬ್ಬ ಬಲಿಗಾರ ಬಂದ. ಕೆಟ್ಟ ಮನಷ್ಯಾ ಅಲ್ಲ, ಬಂದವನೇ ನನಗ ಚಾ ಹೇಳಿದ.

"ಬಲಿ ಹಾಕಬ್ಯಾಡಪಾ, ಒಳಗ ಮೊಸಳಿ ಅದ" ಅಂದೆ.

"ಅದನ್ನ ನೀವು ಎಳದು ಹಾಕಿದ್ರಲ್ಲ ಮುತ್ಯಾ?"

"ಇದು ಅದರ ಮಗ. ಅಪ್ಪನ ಸಿಟ್ಟು ಇನ್ನೂ ಹೊಟ್ಟ್ಯಾಗ ಇಟ್ಕೊಂಡದ."

ಅಂವ ನಕ್ಕ. "ನಾಳಿ ಮಂದಿ ಕರಕೊಂಡು ಬರ್ತೇನಿ. ಮೊಸಳಿ ಗುರ್ತು ಕಂಡ್ರ ತಿರುಗಿ ಹೋಗ್ತೇನಿ. ಕಾಣಲಿಲ್ಲಂದ್ರ ಬಲಿ ಬೀಸಾಂವೇ."

ಮರುದಿನ ಬಂದು ನೋಡ್ತಾರ, ದಂಡಿ ಕೆಸರಿನಾಗ ಇಷ್ಟಿಷ್ಟು ದೊಡ್ಡ ಪಂಜ, ನಡುವ ಬಾಲ ಎಳದ ಗೆರಿ! ಮಂದಿ ಬಲಿ ಹೆಗಲಿಗಿ ಹಾಕ್ಕೊಂಡು ಬಂದ ದಾರಿ ಹಿಡದ್ರು.

ಮನಿಗಿ ಬಂದ್ರ ಹೆಂಡತಿ ಬಾಗಲಾಗೇ ನಿಂತಾಳ. "ಒನಕಿಗಿ ಕೆಸರು ಹ್ಯಾಂಗ ಹತ್ತಿತು?"

"ಇಂಥ ಬಿಸಲಾಗ ಅದಕ್ಕೂ ಸೆಕಿ ಆಗತದ. ಜಳಕಕ್ಕ ಹೋಗಿರಬೇಕು."

೪. ಮೊಸಳಿ ಪಂಚನಾಮ

ಸುದ್ದಿ ಆಳಂದ ತನಕ ಹಬ್ಬಿತು. ಅರಣ್ಯದ ಸಾಹೇಬ್ರು ಜೀಪಿನಾಗ ಬಂದು, ಕೆಸರಿನಾಗ ಕುಂತು ಟೇಪು ಹಿಡದ್ರು. ಬಲಿಗಾರನೂ ಬಂದು ನಿಂತ.

"ಮೊಸಳಿ ಖರೇ ಇದ್ರ, ಬಲಿ ಹಾಕಬಾರದು ಅಂತ ಇಲ್ಲಿ ಬೋರ್ಡು ಹಾಕ್ತೇವಿ" ಅಂದ್ರು ಸಾಹೇಬ್ರು.

"ಇಲ್ಲದಿದ್ರ ನಾ ಇವತ್ತೇ ಬಲಿ ಬೀಸ್ತೇನ್ರಿ" ಅಂದ ಬಲಿಗಾರ.

ಅಷ್ಟರಾಗ ಬೂಬು ಸಾಹೇಬ್ರಿಗಿ ಚಾ ತಗೊಂಡು ಇಳದಳು. ಕಪ್ಪು ಕೊಟ್ಟು, ಬಗ್ಗಿ, ಹೆಜ್ಜಿ ನೋಡಿದಳು. ಮತ್ತೊಮ್ಮೆ ಬಗ್ಗಿದಳು.

"ಚಾಚಾ, ಹೆಜ್ಜಿ ಬಾಜೂಕ ಇದೇನು ಕೆಂಪು? ನನ್ನ ಗ್ವಾಡಿ ಮ್ಯಾಲ ಇದ್ದಂಗೇ ಅದ. ಮೊಸಳಿ ಎಲಿಅಡಕಿ ತಿಂತದೇನು?"

ಸಾಹೇಬ್ರು ಟೇಪು ಬಿಟ್ಟು ನನ್ನ ಬಾಯಿ ನೋಡಿದ್ರು. ಬಲಿಗಾರನ ಕೈ ಬಲಿ ಮ್ಯಾಲ ಹೋತು. ಮಡುವಿನಾಗ ಒಂದು ಮೀನ ಪಳಕ್ ಅಂತ ಹಾರಿ ಬಿತ್ತು.

ನಾ ಭುಜ ಹಾರಿಸಿದೆ. "ನಮ್ಮ ಕಡಿ ಮೊಸಳಿರಿ. ಹೊಟ್ಟಿ ತುಂಬ ಉಂಡ ಮ್ಯಾಲ ಎಲಿ ಹಾಕ್ಕೊಳ್ಳಲಾರದ ಹ್ಯಾಂಗ ಏಳತದ?"

ಬಲಿಗಾರ ನಕ್ಕೋತ ಕೆಸರಿನಾಗೇ ಕುಂತುಬಿಟ್ಟ. "ಹೊಸ ನೀರು ಬರೋತನಕ ನಾ ಈ ಕಡಿ ಬರಂಗಿಲ್ಲ ಮುತ್ಯಾ. ಆ ಮೊಸಳಿಗಿ ಹೇಳ್ರಿ, ನನಗೂ ಒಂದು ಎಲಿ ಮಡಚಿ ಕೊಡು ಅಂತ."

ನಾ ಎಲಿಅಡಕಿ ಚಂಚಿ ಬಿಚ್ಚಿದೆ.