ಸಂಜೆಬಿಸಿಲು ಬಣ್ಣದ ಅಂಗೈ

ಇನ್ನು ಮುಂದೆ ಈ ಮನೆಯೊಳಗೆ ಒಂದು ಮಾತ್ರೆಯೂ ಕಾಲಿಡಕೂಡದು ಎಂದು ಘೋಷಿಸಿಬಿಟ್ಟೆ! ಅಡುಗೆಮನೆಯೇ ಆಸ್ಪತ್ರೆ, ತರಕಾರಿ ಬುಟ್ಟಿಯೇ ಔಷಧಾಲಯ, ಮುಖ್ಯ ವೈದ್ಯೆ ಸಾಕ್ಷಾತ್ ನಾನೇ.

ಮೊದಲ ರೋಗಿಯನ್ನು ಹುಡುಕಬೇಕಾಗಲಿಲ್ಲ, ಮದುವೆಯಾಗಿಯೇ ಇದ್ದೆ. ನನ್ನವರು ಗೋಡೆಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವರು. ಬಿಳಿಗೂ ಕೆನೆಬಿಳಿಗೂ ಇರುವ ಕೂದಲೆಳೆಯ ವ್ಯತ್ಯಾಸವನ್ನು ದಿನವಿಡೀ ಹುಡುಕಿ, ಕಣ್ಣುಜ್ಜಿಕೊಳ್ಳುತ್ತಾ ಮನೆಗೆ ಬರುತ್ತಿದ್ದರು. ಮುಂದಿನ ತಿಂಗಳು ಮಾಲೀಕರ ಹೊಸ ಅಂಗಡಿಯ ಹೊಣೆ ಇವರಿಗೇ ಎಂದು ಮಾತಾಗಿತ್ತು. ಕಣ್ಣು ಚುರುಕಾಗಬೇಡವೇ? ಕ್ಯಾರೆಟ್ ರಸ! ಬೆಳಿಗ್ಗೆ ಎರಡು ಲೋಟ, ಸಂಜೆ ಎರಡು ಲೋಟ.

“ಅತ್ತೆ, ನಿಮಗೂ ಒಂದು ಲೋಟ?”

“ನೀನು ಮಾಡೋದೆಲ್ಲ ನನ್ನ ಕಣ್ಣಿಗೆ ಚೆನ್ನಾಗೇ ಕಾಣ್ತಿದೆ ಕಣಮ್ಮಾ. ಅವನಿಗೇ ಕೊಡು.”

ನಾಲ್ಕನೆಯ ವಾರ ಒಂದು ಬೆಳಿಗ್ಗೆ ಅವರು ಲೋಟಕ್ಕೆ ಕೈ ಚಾಚಿದಾಗ ಅಂಗೈ ತುಂಬ ಎಳೆಬಿಸಿಲು ಬಿದ್ದ ಹಾಗಿತ್ತು. ಆದರೆ ಕಿಟಕಿ ಮುಚ್ಚಿತ್ತು.

“ರೀ, ಏನಿದು ಕೈ ಹಳದಿ?”

ಅವರು ಸಮಾಧಾನವಾಗಿ ಜೇಬಿನಿಂದ ಅಂಗಡಿಯ ಬಣ್ಣದ ಪಟ್ಟಿ ತೆಗೆದು ಅಂಗೈ ಪಕ್ಕ ಹಿಡಿದರು. “ನೂರಾ ಹನ್ನೆರಡು, ಸಂಜೆಬಿಸಿಲು. ಮೊನ್ನೆ ನೂರಾ ಏಳು ಇತ್ತು.”

“ಮೊನ್ನೆಯೇ ಗೊತ್ತಿತ್ತಾ? ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಇನ್ನೊಂದು ಲೋಟ ಕೊಡ್ತೀಯಲ್ಲ!”

ಅಂಗಡಿಯ ಬಣ್ಣವೇ ಮೆತ್ತಿರಬೇಕೆಂದು ಅತ್ತೆ ತೀರ್ಪಿತ್ತರು. ಸೋಪು, ನಿಂಬೆಹಣ್ಣು, ಕೊನೆಗೆ ಪಾತ್ರೆ ಉಜ್ಜುವ ನಾರು. ಚರ್ಮ ಕೆಂಪಾಯಿತು, ಹಳದಿ ಕದಲಲಿಲ್ಲ.

ಹಾಗಾದರೆ ಕಾಮಾಲೆ! ಆದರೂ ಮುಖ್ಯ ವೈದ್ಯೆ ಎದೆಗುಂದಬಾರದು. ಎಣ್ಣೆ ಬಂದ್, ಕರಿದದ್ದು ಬಂದ್. ಬೇಯಿಸಿದ ಕುಂಬಳಕಾಯಿ ಮತ್ತು, ಶಕ್ತಿ ಬರಲೆಂದು, ಕ್ಯಾರೆಟ್ ರಸ ಆರು ಲೋಟ. ಮೂಗಿನ ತುದಿಯೂ ಹಳದಿಯಾಯಿತು! ನನಗೆ ತಲೆಬುಡ ಅರ್ಥವಾಗಲಿಲ್ಲ. ಚಿಕಿತ್ಸೆ ಹೆಚ್ಚಿದಷ್ಟೂ ರೋಗ ಹೆಚ್ಚುತ್ತದೆ. ರೋಗ ಹೆಚ್ಚಿತೆಂದು ನಾನು ಚಿಕಿತ್ಸೆ ಹೆಚ್ಚಿಸುತ್ತೇನೆ.

ಶುಕ್ರವಾರ ಅವರು ಮಧ್ಯಾಹ್ನವೇ ಮನೆಗೆ ಬಂದರು.

“ಮಾಲೀಕರು ವಾಪಸ್ ಕಳಿಸಿದ್ರು. ಕಾಯಿಲೆ ಇಲ್ಲ ಅಂತ ಡಾಕ್ಟ್ರ ಚೀಟಿ ತಂದ್ರೆ ಸೋಮವಾರ ಹೊಸ ಅಂಗಡಿ ನಂದು. ಇಲ್ಲಾಂದ್ರೆ ಬೇರೆಯವನಿಗಂತೆ.”

ನಾನು ತುರಿಯುತ್ತಿದ್ದ ಕ್ಯಾರೆಟ್ ಕೈಯಲ್ಲೇ ಉಳಿಯಿತು. ಈ ಅಂಗಡಿಗಾಗಿ ಅವರು ಹನ್ನೊಂದು ವರ್ಷ ಕಾದಿದ್ದರು.

ಆ ಸಂಜೆಯೇ ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ನನ್ನವರ ಕಣ್ಣಿನ ರೆಪ್ಪೆ ಎಳೆದು ನೋಡಿದರು. “ಕಣ್ಣು ಬೆಳ್ಳಗೇ ಇದೆಯಲ್ರೀ! ಕಾಮಾಲೆ ಆಗಿದ್ರೆ ಮೊದಲು ಕಣ್ಣೇ ಹಳದಿ ಆಗೋದು. ದಿನಾ ಏನ್ ತಿಂತೀರಿ?”

ನನ್ನವರು ನನ್ನನ್ನು ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ.

“ಕ್ಯಾರೆಟ್ ರಸ,” ಎಂದೆ ಮೆಲ್ಲಗೆ.

“ಎಷ್ಟು?”

“ಆರು... ಲೋಟ. ದೊಡ್ಡ ಲೋಟ.”

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಮ್ಮಾ, ಅದೇ ಬಣ್ಣ ಚರ್ಮಕ್ಕೆ ಇಳಿದಿದೆ. ನಿಲ್ಲಿಸಿದ್ರೆ ತಾನಾಗೇ ಹೋಗುತ್ತೆ. ಇವರಿಗೆ ಏನೂ ಆಗಿಲ್ಲ.” ಅನುಮಾನ ಉಳಿಯದಿರಲೆಂದು ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಶನಿವಾರ ಫಲಿತಾಂಶ ಬಂತು, ಚೀಟಿಯೂ ಸಿಕ್ಕಿತು. ಸೋಮವಾರ ನನ್ನವರು ಹೊಸ ಅಂಗಡಿಯ ಬಾಗಿಲು ತೆರೆದರು. ಬಾಗಿಲು ತೆರೆದ ಕೈ ಅಷ್ಟೊತ್ತಿಗೆ ನೂರಾ ಹದಿನೆಂಟು.

ಇತ್ತ ಮನೆಯಲ್ಲಿ ನಾನು ಹಗುರಾಗಿ ಅಡುಗೆಮನೆಗೆ ಹೊರಟೆ. ಬಾಗಿಲಿಗೆ ಅಡ್ಡವಾಗಿ ಅತ್ತೆ ನಿಂತಿದ್ದರು, ಕೈಯಲ್ಲಿ ಡಾಕ್ಟರಮ್ಮನ ಇನ್ನೊಂದು ಚೀಟಿ. ಅದನ್ನು ನನ್ನವರು ನನಗೆ ತೋರಿಸದೆ ನೇರ ಅತ್ತೆಗೇ ಕೊಟ್ಟಿದ್ದರು! ಅತ್ತೆ ಗಟ್ಟಿಯಾಗಿ ಓದಿದರು:

“‘ರೋಗಿಗೆ ಔಷಧಿ ಬೇಡ. ಅವರ ಪತ್ನಿಗೆ ಅಡುಗೆಮನೆಯಿಂದ ಮೂರು ವಾರ ಸಂಪೂರ್ಣ ವಿಶ್ರಾಂತಿ.’ ಹೋಗಿ ಮಲಕ್ಕೋ ಕಣಮ್ಮಾ, ಡಾಕ್ಟ್ರ ಮಾತು ಮೀರಬಾರದು.”