ಗುಡುಗು ಕೊಡದ ಮೌಸ್ ಮಹಾಶಯರಿಗೆ

ಕೇಳಿರಯ್ಯಾ ಕೇಳಿ! ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತ ಮಹನೀಯರೇ, ಹಿಂದಿನ ಸಾಲಿನಲ್ಲಿ ಕತ್ತು ಚಾಚಿ ನಿಂತ ಮಹಾಜನರೇ, ಒಳಗೂ ಬಾರದೆ ಹೊರಗೂ ಹೋಗದೆ ಬಾಗಿಲಿಗೊರಗಿ ನಿಂತ ಮಿತ್ರರೇ! ನಮ್ಮ ಹವ್ಯಾಸಿ ನಾಟಕ ಸಂಘದ ಶಬ್ದವಿಭಾಗಕ್ಕೆ ಏಕೈಕ ಅಧಿಪತಿಯಾದ ನಾನು, ನಿನ್ನೆ ಸಂಜೆ ನೀವೆಲ್ಲ ಕಣ್ಣಾರೆ ಕಂಡ ಅನಾಹುತದ ಕಾರಣಕರ್ತರಿಗೆ ಒಂದು ಪತ್ರ ಬರೆದಿದ್ದೇನೆ. ಅವರಿಗೆ ಕಿವಿಯಿಲ್ಲ, ಆದ್ದರಿಂದ ನಿಮ್ಮ ಕಿವಿಗೆ ಹಾಕುತ್ತಿದ್ದೇನೆ.

ಮಾನ್ಯ ತಂತಿರಹಿತ ಮೌಸ್ ಅವರೇ,

ತಮ್ಮ ಬೆನ್ನಿನ ನುಣುಪಿಗೂ, ಹೊಟ್ಟೆಯಡಿಯ ಕೆಂಪು ಬೆಳಕಿಗೂ, ಲ್ಯಾಪ್‌ಟಾಪಿನ ಪಕ್ಕೆಯಲ್ಲಿ ಉಗುರಿನಷ್ಟೇ ಜಾಗ ಹಿಡಿದು ಕುಳಿತಿರುವ ತಮ್ಮ ದೂತರಿಗೂ ನನ್ನ ಸಾಷ್ಟಾಂಗ ಪ್ರಣಾಮಗಳು. ತಾವು ದಯಮಾಡಿಸುವ ಮುಂಚೆ ನನ್ನ ಮೇಜಿನ ಮೇಲೆ ಬಾಲವಿದ್ದ ಒಬ್ಬ ಹಿರಿಯರಿದ್ದರು. ಅವರ ತಂತಿ ಲೋಟಕ್ಕೆ ಸುತ್ತಿಕೊಂಡು ಚಹಾ ಚೆಲ್ಲುತ್ತಿತ್ತು, ಒಪ್ಪುತ್ತೇನೆ; ಆದರೆ ಆ ತಂತಿಯನ್ನು ಹಿಡಿದು ಹೋದರೆ ಅವರು ಯಾರ ಕಡೆಯವರು ಎಂಬುದಾದರೂ ತಿಳಿಯುತ್ತಿತ್ತು. ತಾವು ಯಾರ ಹಂಗಿಗೂ ಸಿಕ್ಕದವರು, ಸ್ವತಂತ್ರರು.

ತಮ್ಮ ನಿದ್ರೆಯನ್ನು ಹೊಗಳಲು ನನ್ನ ಒಂದು ನಾಲಿಗೆ ಸಾಲದು. ನಾನು ಪಕ್ಕಕ್ಕೆ ತಿರುಗಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ತಾವು ಯೋಗನಿದ್ರೆಗೆ ಇಳಿದಿರುತ್ತೀರಿ. ಶಾಲೆಗೆ ಹೊರಡದ ಮಗುವನ್ನು ಎಬ್ಬಿಸುವಂತೆ ಅಲುಗಾಡಿಸಿದರೆ ಒಂದು ಕಣ್ಣು ತೆರೆದು, ಬಾಣದ ಗುರುತನ್ನು ಪರದೆಯ ಯಾವುದೋ ಮೂಲೆಗೆ ಅಟ್ಟಿ, ಮತ್ತೆ ಮಗ್ಗುಲಾಗುತ್ತೀರಿ. ತಮ್ಮ ಹೊಟ್ಟೆಯ ಸೆಲ್ಲನ್ನು ತೆಗೆದು, ಅಂಗೈಯಲ್ಲಿ ಉಜ್ಜಿ, ಪ್ಯಾಂಟಿಗೆ ಒರೆಸಿ, ಮತ್ತೆ ತುರುಕಿ ನಾನು ಮಾಡಿದ ಉಪಚಾರವನ್ನು ಹೆತ್ತವರಿಗೂ ಮಾಡಿಲ್ಲ. ಮುಚ್ಚಳ ಕಳೆದುಹೋದಾಗ ತಮ್ಮ ಮಾನ ಕಾಪಾಡಲೆಂದು ಹೊಟ್ಟೆಗೆ ಕಪ್ಪು ಟೇಪು ಸುತ್ತಿದವನೂ ನಾನೇ. ಆ ಟೇಪನ್ನು ದಯವಿಟ್ಟು ನೆನಪಿನಲ್ಲಿಡಿ.

ಈಗ ನಿನ್ನೆಯ ಸಂಗತಿ. ನಮಗೆ ನಾಟಕ ಕಲಿಸುವ ಮೇಷ್ಟ್ರದು ಒಂದು ಕಟ್ಟಪ್ಪಣೆಯಿದೆ: ಗುಡುಗು ಕೇಳುವ ತನಕ ವೇದಿಕೆಯ ಮೇಲೆ ಯಾರೂ ಸಾಯಕೂಡದು. ಹಿಂದೊಮ್ಮೆ ಸೇನಾಪತಿ ಅವಸರಪಟ್ಟು ಮೊದಲೇ ಸತ್ತು, ಆಮೇಲೆ ಬಂದ ಗುಡುಗಿಗೆ ಬೆಚ್ಚಿ ಎದ್ದು ಕುಳಿತಂದಿನಿಂದ ಈ ಕಾನೂನು. ನಿನ್ನೆ ಸಾಯಬೇಕಾಗಿದ್ದವರು ನಮ್ಮ ದುಷ್ಟ ಮಹಾರಾಜರು, ವೃತ್ತಿಯಿಂದ ಹಲ್ಲಿನ ಡಾಕ್ಟರು. ಇರಿಯಬೇಕಾಗಿದ್ದ ಮಹಾರಾಣಿ ನನ್ನ ಧರ್ಮಪತ್ನಿ. ವರ್ಷಗಟ್ಟಲೆ ತಟ್ಟೆ ಹಿಡಿದು, ತುಟಿ ಬಿಚ್ಚದೆ ನಿಂತ ದಾಸಿಗೆ ಕೊನೆಗೂ ಸಿಕ್ಕ ದೊಡ್ಡ ಪಾತ್ರ! ಅವಳು ಇರಿಯಬೇಕು, ಗುಡುಗಬೇಕು, ರಾಜ ಉರುಳಬೇಕು, ಅವಳು ತನ್ನ ಕೊನೆಯ ಮಾತನ್ನು ಸಭೆಯೆದುರು ನಿಂತು ಆಡಬೇಕು. ಆ ಮಾತನ್ನು ಅವಳು ಪಾತ್ರೆ ತೊಳೆಯುತ್ತ, ಬಸ್ಸಿಗೆ ಕಾಯುತ್ತ ಬಾಯಿಪಾಠ ಮಾಡಿದ್ದಳು. ನನಗೂ ಬಾಯಿಗೆ ಬಂದಿತ್ತು.

ಒಂದೇ ಉದ್ದನೆಯ ಮೇಜಿನ ಎಡತುದಿಯಲ್ಲಿ ನಾನು, ಬಲತುದಿಯಲ್ಲಿ ಅವಳ ಅಣ್ಣ, ಅಂದರೆ ದೀಪಗಳ ಹೊಣೆ ಹೊತ್ತ ನನ್ನ ಭಾವ. ನಾವಿಬ್ಬರೂ ಒಂದೇ ಅಂಗಡಿಯಲ್ಲಿ ತಮ್ಮನ್ನೂ ತಮ್ಮ ಪಡಿಯಚ್ಚಿನಂಥ ಸೋದರರನ್ನೂ ಜೋಡಿಯಾಗಿ ಕೊಂಡಿದ್ದೆವು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದೊಂದು ಒತ್ತಿಗೆ ಒಂದೊಂದು ಶಬ್ದ, ಗುಡುಗಿನ ಬೆನ್ನಿಗೆ ಬೆಳಗಿನ ಕೋಳಿ; ಅವರ ಲ್ಯಾಪ್‌ಟಾಪಿನಲ್ಲಿ ಒಂದೊಂದು ಒತ್ತಿಗೆ ಒಂದೊಂದು ದೀಪದಾಟ. ವಿರಾಮದಲ್ಲಿ ಚಹಾ ಬಂತು, ಮೇಜು ಖಾಲಿ ಮಾಡಿದೆವು, ಮತ್ತೆ ಜೋಡಿಸಿದೆವು.

ರಾಣಿ ಇರಿದಳು. ನಾನು ಒತ್ತಿದೆ. ಗುಡುಗಲಿಲ್ಲ, ವೇದಿಕೆ ಗಾಢಾಂಧಕಾರವಾಯಿತು! ಕತ್ತಲಲ್ಲಿ ಮಹಾರಾಜರ ಸ್ವರ ಮಾತ್ರ ಕೇಳಿಸಿತು: "ನೋಯ್ತಿದೆ... ಇನ್ನೂ ನೋಯ್ತಿದೆ..." ತಮಗೆ ನಿದ್ರೆಯೆಂದು ಭಾವಿಸಿ ಇನ್ನೊಮ್ಮೆ ಒತ್ತಿದೆ. ನಾಟಕ ಮುಗಿದ ಮೇಲೆ ಹತ್ತಬೇಕಾದ ಸಭಾಂಗಣದ ದೀಪಗಳೆಲ್ಲ ಝಗ್ಗನೆ ಹತ್ತಿದವು. ಜನ ಮುಗಿಯಿತೆಂದುಕೊಂಡು ಎದ್ದು ಚಪ್ಪಲಿ ಹುಡುಕತೊಡಗಿದರು. ಎದೆಯಲ್ಲಿ ಕತ್ತಿ, ಮುಖದಲ್ಲಿ ಬೆವರು, ಅಪ್ಪಣೆಯಿಲ್ಲದೆ ಸಾಯಲಾರದ ರಾಜ!

"ಏನ್ ಭಾವ, ದೀಪ ಯಾಕ್ ಹಾಕಿದ್ರಿ?" ಎಂದೆ.

"ನಾನೆಲ್ಲಿ ಹಾಕ್ದೆ? ನಿನ್ ಗುಡುಗು ಎಲ್ಲಪ್ಪಾ ಹಾಳಾಗೋಯ್ತು?" ಎನ್ನುತ್ತ ಅವರು ದೀಪ ಆರಿಸಲು ಒತ್ತಿದರು. ಗುಡುಗಿತು! ರಾಜರು ನೆಮ್ಮದಿಯಿಂದ ಬಿದ್ದರು. ಗಾಬರಿಯಾಗಿ ಭಾವ ಮತ್ತೆ ಒತ್ತಿದರು. ಕೋಳಿ ಕೂಗಿತು. ನನ್ನ ಹೆಂಡತಿ ತನ್ನ ಕೊನೆಯ ಮಾತನ್ನು, ಹೊರಡುತ್ತಿದ್ದ ಸಭಿಕರ ಬೆನ್ನುಗಳಿಗೆ, ಕೋಳಿಯ ಕೂಗಿನ ನಡುವೆ, ಒಂದಕ್ಷರ ಬಿಡದೆ ಒಪ್ಪಿಸಿದಳು.

ನಾಟಕಗಳಲ್ಲಿ ಅದಲುಬದಲಾದ ಅವಳಿಗಳನ್ನು ಕೊನೆಯ ಅಂಕದಲ್ಲಿ ಮಚ್ಚೆ ನೋಡಿ ಗುರುತಿಸುತ್ತಾರೆ. ಪರದೆ ಬಿದ್ದ ಮೇಲೆ ಭಾವ ತಮ್ಮ ಕೈಯಲ್ಲಿದ್ದವರನ್ನು ಅಂಗಾತ ಮಲಗಿಸಿದರು. ಹೊಟ್ಟೆಯ ಮೇಲೆ ಕಪ್ಪು ಟೇಪು! ಸ್ವಾಮೀ, ಜೀವನದಲ್ಲಿ ಮೊದಲ ಬಾರಿಗೆ ನಿದ್ರಿಸದೆ, ಸೆಲ್ ಉಜ್ಜಿಸಿಕೊಳ್ಳದೆ, ಒತ್ತಿದ ಕೂಡಲೇ ಗುಡುಗಿದ್ದೀರಿ, ಅದೂ ಪರರ ಕೈಯಲ್ಲಿ. ತಮ್ಮ ಕರ್ತವ್ಯನಿಷ್ಠೆಗೆ ಏನೆನ್ನಲಿ?

ಮನೆಗೆ ಬಂದ ಮಹಾರಾಣಿ ಕಿರೀಟವನ್ನೂ ತೆಗೆಯದೆ ಹೇಳಿದ್ದು ಇಷ್ಟೇ: "ನಾಡಿದ್ದು ಸಂಜೆನೇ ಕೊನೇ ಆಟ. ಗುಡುಗು ಸರಿಯಾಗಿ ಬಂದ್ರೆ ಅಲ್ಲಿಗೇ ಮುಗೀತು. ಬರದಿದ್ರೆ ಮನೆಗ್ ಬಂದ್ಮೇಲೆ ನಾನೇ ಗುಡುಗ್ತೀನಿ, ಆಯ್ತಾ?"

ಆದಕಾರಣ ತಮ್ಮಲ್ಲಿ ನನ್ನ ಅಲ್ಪ ಬಿನ್ನಹಗಳು: ಪರರ ಅಂಗೈ ಸೇರಿದಾಗ ಒಂದು ಸಲವಾದರೂ ಕೆಮ್ಮಿರಿ, ನಿದ್ರೆ ಬರುವ ಮುನ್ನ ಲಿಖಿತ ಸೂಚನೆ ಕೊಡಿರಿ, ಸಾಧ್ಯವಾದರೆ ಒಂದು ಬಾಲ ಬೆಳೆಸಿಕೊಳ್ಳಿರಿ. ಇವು ಯಾವುವೂ ತಮ್ಮ ಘನತೆಗೆ ಒಗ್ಗದೆಂದು ಬಲ್ಲೆ. ವೇದಿಕೆಯ ಹಿಂದಿನ ಅಟ್ಟದಲ್ಲಿ, ಕರೆಂಟೇ ಇಲ್ಲದ ಕಾಲದಲ್ಲಿ ಗುಡುಗು ಹುಟ್ಟಿಸುತ್ತಿದ್ದ ಆಳೆತ್ತರದ ತಗಡು ಬಿದ್ದಿದೆ. ಅದಕ್ಕೆ ಸೆಲ್ ಬೇಡ, ದೂತ ಬೇಡ, ನಿದ್ರೆಯಿಲ್ಲ, ಅವಳಿ ಸೋದರನೂ ಇಲ್ಲ. ರಾಣಿಯ ಮಾತು ಈ ಸಲ ಮುಖಗಳಿಗೆ ಮುಟ್ಟಬೇಕು.

ತಮ್ಮ ವಿಶ್ವಾಸಿ,
(ವಿಶ್ವಾಸ ಇನ್ನೂ ಎಷ್ಟು ಉಳಿದಿದೆಯೋ ಅಷ್ಟರಮಟ್ಟಿಗೆ)
ಮಹಾರಾಣಿಯ ಗಂಡ

ಮರೆತ ಮಾತು: ತಗಡನ್ನು ಅಲುಗಿಸಿದರೆ ಬರಿಯ ಮುಗಿಲು ಗೊಣಗಿದಂತಾಗುತ್ತದಂತೆ, ಸಿಡಿಲಿನ ಪೆಟ್ಟು ಬೇಕಾದರೆ ಅಂಗೈಯಲ್ಲಿ ಹಿಡಿಸುವ, ಗಟ್ಟಿಯಾದ, ದುಂಡುಬೆನ್ನಿನ ವಸ್ತುವೊಂದರಿಂದ ಬಡಿಯಬೇಕು ಎನ್ನುತ್ತಾರೆ ಮೇಷ್ಟ್ರು. ನಾಳೆ ಬೆಳಿಗ್ಗೆ ಎದ್ದವನೇ ಅಟ್ಟ ಹತ್ತಿ ತಗಡು ಇಳಿಸುತ್ತೇನೆ, ಟೇಪು ಬಿಗಿ ಮಾಡುತ್ತೇನೆ, ಮೊದಲ ಪೆಟ್ಟಿಗೆ ತಮ್ಮನ್ನೇ ಹಿಡಿದು ನೋಡುತ್ತೇನೆ.